ಬೀಗರ ಹುಡುಗನ ತಮಾಷೆ

ಚಿನಾರಾ ಕಾಲಿಗೆ ಕಟ್ಟಿದ್ದ ರಬ್ಬರ್ ಪಟ್ಟಿ ಬಿಚ್ಚಿ ಉರ್ಮತ್‌ನ ಮುಖಕ್ಕೇ ಗುರಿಯಿಟ್ಟು ಬೀಸಿದಳು. ಅವನು ತಲೆ ಬಗ್ಗಿಸಿದ. ಪಟ್ಟಿ ಹೋಗಿ ಕಿಟಕಿಯ ಕಟ್ಟೆಯ ಮೇಲಿದ್ದ ಚಹಾದ ಬಟ್ಟಲನ್ನು ಉರುಳಿಸಿತು.

"ಕೈಗೇನೂ ಆಗಿಲ್ಲ, ಚೆನ್ನಾಗಿದೆ," ಎಂದ ಅವನು, ಚೆಲ್ಲಿದ ಚಹಾ ಒರೆಸುತ್ತಾ. "ಇನ್ನು ಕಾಲಿನ ಕತೆ ನೋಡೋಣ. ಗೋಡೆಗೆ ಬೆನ್ನು ಕೊಟ್ಟು ಕೂತ್ಕೋ, ಬೀಗರ ಹುಡುಗಿ."

"ಕೇಳಿದ್ದಕ್ಕೆ ಉತ್ತರ ಕೊಡು. ಭಾನುವಾರ ನಾನು ಓಡಬಹುದಾ, ಇಲ್ವಾ?"

"ಇಲ್ಲ."

"ಯಾಕಿಲ್ಲ?"

"ನೀನು ಓಡಿ ಹೋಗ್ಬಿಟ್ರೆ ನಾನು ಯಾರ ಹತ್ರ ಬಸ್ಕಿ ಹೊಡಿಸ್ಲಿ?"

ಇದೇ ಅವಳಿಗೆ ಮೈಯೆಲ್ಲ ಉರಿಯುವಂತೆ ಮಾಡುತ್ತಿದ್ದುದು. ನೆಟ್ಟಗೆ ಒಂದು ಮಾತು ಕೇಳಿದರೆ ನೆಟ್ಟಗೆ ಒಂದು ಉತ್ತರ ಈ ಮನುಷ್ಯನ ಬಾಯಿಂದ ಹುಟ್ಟುವುದಿಲ್ಲ. ಹೊಡೆದರೂ ನಗುತ್ತಾನೆ, ಬೈದರೂ ನಗುತ್ತಾನೆ. ನಗದವರನ್ನು ಕಂಡರೆ ಅವಳಿಗೆ ಗೌರವವಿತ್ತು. ಅಂಥವರು ಕೊಚ್ಕೋರ್ ಊರಿನಲ್ಲಿ ಹೆಚ್ಚು ಜನ ಇರಲಿಲ್ಲ.

ಅದು ಊರಿನ ಕ್ರೀಡಾಭವನದ ಹಿಂಬದಿಯ ಕೋಣೆ. ಪಕ್ಕದ ಹಾಲ್‌ನಿಂದ ಹುಡುಗಿಯರು ಒಬ್ಬರನ್ನೊಬ್ಬರು ಮ್ಯಾಟ್ ಮೇಲೆ ಕೆಡವುವ ಸದ್ದು ಗೋಡೆ ದಾಟಿ ಬರುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಚಿನಾರಾಳ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು. ಕಳೆದ ಚಳಿಗಾಲದವರೆಗೆ ಆ ಹಾಲ್ ಅವಳದು. ಎದುರಾಳಿಯ ನಡುಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ನೆಲಕ್ಕೆ ಹಾಕುವ ಕುಸ್ತಿ ಅವಳದು. ಅವಳ ಹಿಡಿತಕ್ಕೆ ಸಿಕ್ಕವರು ಚಿತ್ ಆಗದೆ ಎದ್ದದ್ದು ಕಡಿಮೆ. ರಾಜಧಾನಿ ಬಿಷ್ಕೆಕ್‌ನ ಒಂದು ಪಂದ್ಯದಲ್ಲಿ ಎದುರಾಳಿ ಮೈಮೇಲೆ ಬಿದ್ದಳು. ಚಿನಾರಾಳ ಬಲಪಾದ ಇದ್ದಲ್ಲೇ ಉಳಿಯಿತು, ಮೊಣಕಾಲು ಮಾತ್ರ ತಿರುಗಿತು.

ಒಳಗೆ ಮೂಳೆಗಳನ್ನು ಬಿಗಿಯುವ ಲಿಗಮೆಂಟ್ ಅರ್ಧ ಹರಿದಿದೆ ಎಂದರು ಆಸ್ಪತ್ರೆಯಲ್ಲಿ. "ಆಪರೇಷನ್ ಮಾಡಿಸ್ಕೋ, ಇಲ್ಲಾಂದ್ರೆ ಕುಸ್ತಿ ಮರೆತುಬಿಡು," ಎಂದ ಕೋಚ್. ಡಾಕ್ಟರಮ್ಮ ಹಾಗೆ ಹೇಳಲಿಲ್ಲ. ಉಳಿದರ್ಧ ಗಟ್ಟಿಯಾಗಿದೆ, ತೊಡೆಯ ಸ್ನಾಯುಗಳು ಮೊಣಕಾಲನ್ನು ಹಿಡಿದು ನಿಲ್ಲಿಸುವಷ್ಟು ಬೆಳೆದರೆ ಆಪರೇಷನ್ ಅಗತ್ಯ ಬಾರದೆ ಹೋಗಬಹುದು, ಆದರೆ ತಾಳ್ಮೆ ಬೇಕು ಎಂದರು. ಚಿನಾರಾ ಡಾಕ್ಟರಮ್ಮನ ಮಾತು ಹಿಡಿದಳು. ಕೋಚ್ ಅವಳ ಜಾಗವನ್ನು ಇನ್ನೊಬ್ಬಳಿಗೆ ಕೊಟ್ಟ. ಆಮೇಲೆ ಅವಳ ಫೋನ್ ಎತ್ತುವುದನ್ನೂ ಬಿಟ್ಟ.

ತಾಳ್ಮೆ ಎಂಬುದು ಅವಳ ವಂಶದಲ್ಲೇ ಯಾರಿಗೂ ಇರಲಿಲ್ಲ. ಆದರೂ ಇಡೀ ಬೇಸಿಗೆ ಹಲ್ಲು ಕಚ್ಚಿ ಉರ್ಮತ್ ಹೇಳಿದ್ದೆಲ್ಲ ಮಾಡಿದಳು. ಗೋಡೆಗೆ ಒರಗಿ, ಕುರ್ಚಿಯಿದ್ದಂತೆ ಗಾಳಿಯಲ್ಲಿ ಕೂತಳು. ಮರದ ಪೆಟ್ಟಿಗೆಯಿಂದ ಒಂದೇ ಕಾಲಲ್ಲಿ ನಿಧಾನವಾಗಿ ಇಳಿದಳು. ಗುಡ್ಡದ ದಾರಿಯಲ್ಲಿ ಹಿಮ್ಮುಖವಾಗಿ ಹತ್ತಿದಳು, ಕುರಿ ಕಾಯುವವರೆಲ್ಲ ನಿಂತು ನೋಡಿದರು. ವಸಂತದಲ್ಲಿ ರಾಷ್ಟ್ರೀಯ ತಂಡದ ಆಯ್ಕೆ. ಹಿಮ ಬೀಳುವ ಮುಂಚೆ ಮ್ಯಾಟ್‌ಗೆ ಇಳಿಯದಿದ್ದರೆ ಆ ಆಯ್ಕೆಗೆ ಅವಳು ತಯಾರಾಗುವುದಿಲ್ಲ. ಈ ಸಲ ತಪ್ಪಿದರೆ ಅವಳ ವಯಸ್ಸಿಗೆ ಇನ್ನೊಂದು ಸಲ ಎಂಬುದಿಲ್ಲ. ಪೆಟ್ಟು ತಿಂದವರು ಮ್ಯಾಟ್ ಹತ್ತಬೇಕಾದರೆ ಕ್ರೀಡಾಭವನದ ವ್ಯಾಯಾಮ ಚಿಕಿತ್ಸಕ ಉರ್ಮತ್ ಹೂಂ ಅನ್ನಬೇಕು. ಆ ಒಂದು ಹೂಂ ಅವನ ಬಾಯಿಂದ ಬರುತ್ತಲೇ ಇರಲಿಲ್ಲ.

"ಸರಿ, ಕಂಬಳಿ ಮೇಲೆ ನಿಂತ್ಕೋ," ಎಂದ ಅವನು.

ಮಡಿಸಿಟ್ಟ ದಪ್ಪ ಕಂಬಳಿಯ ಮೇಲೆ ಅವಳು ಬಲಗಾಲೊಂದರಲ್ಲೇ ನಿಂತಳು. ಅವನು ಎದುರು ಸ್ಟೂಲ್ ಮೇಲೆ ಕೂತು ಒಣಗಿದ ಮೊಸರಿನ ಉಂಡೆಗಳನ್ನು ಒಂದೊಂದಾಗಿ ಎಸೆಯತೊಡಗಿದ. ಎಡಕ್ಕೆ, ಬಲಕ್ಕೆ, ತಲೆಯ ಮೇಲೆ. ಕಾಲು ಕೆಳಗಿಡದೆ ಅವಳು ಹಿಡಿಯಬೇಕು. ಹಿಡಿದದ್ದು ಅವಳಿಗೆ, ಬಿಟ್ಟದ್ದು ಅವನಿಗೆ.

ಎಸೆಯುವಾಗ ಅವನು ಮೊಣಕಾಲು ನೋಡುತ್ತಿರಲಿಲ್ಲ, ಅವಳ ಮುಖ ನೋಡುತ್ತಿದ್ದ. ಹುಬ್ಬಿನ ನಡುವೆ ಒಂದು ಗೆರೆ ಮೂಡಿದರೆ ಸಾಕು, ಎಸೆಯುವುದು ನಿಲ್ಲುತ್ತಿತ್ತು. ನೋವು ಎಂದು ಅವಳು ಹೇಳುವ ಮುಂಚೆಯೇ ಅವನಿಗೆ ಗೊತ್ತಾಗುತ್ತಿತ್ತು. ಬಿಸಿಲಿಗೆ ಕಂದಿದ ಕೆನ್ನೆ, ನಗದಿದ್ದಾಗಲೂ ಮೂಲೆಯಲ್ಲಿ ಸುಕ್ಕುಗಟ್ಟಿರುವ ಕಣ್ಣು, ಒಂದು ಭುಜ ಇನ್ನೊಂದಕ್ಕಿಂತ ಸ್ವಲ್ಪ ಕೆಳಗೆ. ಆ ಕಣ್ಣು ತನ್ನ ಮುಖದ ಮೇಲೆ ಅಷ್ಟು ಹೊತ್ತು ನಿಂತರೆ ಚಿನಾರಾಗೆ ಸಮತೋಲ ತಪ್ಪುತ್ತಿತ್ತು. ಅದಕ್ಕೂ ಅವಳಿಗೆ ಸಿಟ್ಟು.

"ಆ ಕಡೆ ನೋಡಿ ಎಸಿ," ಎಂದಳು.

"ಆ ಕಡೆ ನೋಡೋಕೇನಿದೆ, ಗೋಡೆ."

ಉಂಡೆ ಅವಳ ಕೈ ತಪ್ಪಿ ಬಿತ್ತು. ಅವನು ಎತ್ತಿ, ಒರೆಸಿ, ಬಾಯಿಗೆ ಹಾಕಿಕೊಂಡ.

ಅವನು ಅವಳ ಅಕ್ಕ ನಾಜಿರಾಳ ಅತ್ತೆಯ ತಮ್ಮನ ಮಗ. ಅಂದರೆ ಬೀಗರ ಕಡೆಯ ಹುಡುಗ. ಬೀಗರ ಹುಡುಗ ಬೀಗರ ಹುಡುಗಿಯನ್ನು ಕಾಡಿಸಬೇಕು, ಅವಳು ಅವನನ್ನು ಅಷ್ಟೇ ಜೋರಾಗಿ ಹಳಿಯಬೇಕು. ಇದು ಆ ಸೀಮೆಯಲ್ಲಿ ಊಟಕ್ಕೆ ಉಪ್ಪಿದ್ದಷ್ಟೇ ಸಹಜ. ಯಾರೂ ತಪ್ಪು ತಿಳಿಯುವ ಹಾಗಿಲ್ಲ, ಯಾರೂ ನಿಜ ಎಂದುಕೊಳ್ಳುವ ಹಾಗೂ ಇಲ್ಲ. ನಾಜಿರಾಳ ಮದುವೆಯಲ್ಲಿ ಉರ್ಮತ್ ತುಂಬಿದ ಪಂಕ್ತಿಯ ನಡುವೆ ಎದ್ದು ನಿಂತು, "ಚಿಕ್ಕ ಮಗಳನ್ನೂ ನಮಗೇ ಕೊಡಿ, ಕೊಡದಿದ್ರೆ ನಾನು ಇಲ್ಲಿಂದ ಏಳಲ್ಲ," ಎಂದು ಚಿನಾರಾಳ ಅಮ್ಮನಿಗೆ ಹೇಳಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದು, "ಇದನ್ನ ಕುಡ್ದು ಸುಮ್ನೆ ಕೂತ್ಕೋ," ಎಂದಿದ್ದರು. ಅವನು ಕುಡಿದು ಸುಮ್ಮನೆ ಕೂತಿದ್ದ. ಅಲ್ಲಿಗೆ ಆ ಮಾತು ಮುಗಿದಿತ್ತು.

ಆಗ ಅವನು ಕುದುರೆಯ ಮೇಲೆ ಕೂತು ಮೇಕೆಯ ಮುಂಡಕ್ಕಾಗಿ ಕಿತ್ತಾಡುವ ಆಟದಲ್ಲಿ ಜಿಲ್ಲೆಗೇ ಹೆಸರಾದವನು. ಆಮೇಲೆ ಬಿದ್ದು ಭುಜ ಮುರಿದುಕೊಂಡ. ಆಟ ಬಿಟ್ಟು ಬಿಷ್ಕೆಕ್‌ಗೆ ಹೋಗಿ ವ್ಯಾಯಾಮ ಚಿಕಿತ್ಸೆ ಓದಿ ಬಂದ. ಭುಜದ ಬಗ್ಗೆ ಕೇಳಿದರೆ, "ಕುದುರೆ ನನ್ನ ಬಿಟ್ಟು ಬೇರೆಯವನ ಹಿಂದೆ ಹೋಯ್ತು," ಎನ್ನುತ್ತಿದ್ದ.

"ಭಾನುವಾರ ನಾನು ಓಡ್ತೀನಿ," ಎಂದಳು ಚಿನಾರಾ, ಕಂಬಳಿಯಿಂದ ಇಳಿಯುತ್ತಾ. "ಅಕ್ಕನಿಗೆ ಮಾತು ಕೊಟ್ಟಿದೀನಿ."

"ಆಲೂಗಡ್ಡೆ ಕಿತ್ತ ನೆಲ ಅದು. ಹಳ್ಳ ದಿಣ್ಣೆ. ಓಡ್ತಾ ಓಡ್ತಾ ಯಾರಾದ್ರೂ ಗುದ್ದಿದ್ರೆ?"

"ಗುದ್ದಿದವರು ಬೀಳ್ತಾರೆ."

ಅವನು ನಗಲಿಲ್ಲ. ಆದರೆ ಅವಳು ಆಗಲೇ ಬಾಗಿಲು ದಾಟಿದ್ದಳು, ನೋಡಲಿಲ್ಲ.

ನಾಜಿರಾಳ ಮಗ ಬೆಕ್ಜಾನ್ ನಡೆಯಲು ಕಲಿತಿದ್ದ. ಭಾನುವಾರದ ಓಟ ಅದಕ್ಕೇ. ಆ ಸೀಮೆಯಲ್ಲಿ ಮಗು ಕಾಲೂರಿದ ಮೇಲೆ ಅದರ ಎರಡೂ ಕಾಲಿಗೆ ಕಪ್ಪು ಬಿಳಿ ಉಣ್ಣೆಯ ಹುರಿ ಕಟ್ಟಿ ನಿಲ್ಲಿಸುತ್ತಾರೆ. ದೂರದಿಂದ ಜನ ಓಡಿ ಬರುತ್ತಾರೆ. ಮೊದಲು ಮುಟ್ಟಿದವರು ಚಾಕುವಿನಿಂದ ಹುರಿ ಕತ್ತರಿಸುತ್ತಾರೆ, ಮಗುವಿಗೆ ಅವರ ನಡಿಗೆಯೇ ಬರುತ್ತದೆ ಎನ್ನುತ್ತಾರೆ. ನಾಜಿರಾ ಬಸುರಿಯಾಗಿದ್ದಾಗಲೇ ಚಿನಾರಾ, "ಹುರಿ ಕತ್ತರಿಸೋದು ನಾನೇ, ಬೇರೆ ಯಾರಾದ್ರೂ ಮುಂದೆ ಓಡಿದ್ರೆ ಕಾಲು ಮುರೀತೀನಿ," ಎಂದಿದ್ದಳು. ಆಮೇಲೆ ಮುರಿದದ್ದು ಅವಳದೇ ಕಾಲು.

ಶನಿವಾರ ಮಧ್ಯಾಹ್ನ ಅಕ್ಕನ ಮನೆಯ ಅಂಗಳದಲ್ಲಿ ಎಣ್ಣೆಯ ದೊಡ್ಡ ಬಾಣಲೆ ಇಟ್ಟಿದ್ದರು. ಹೆಂಗಸರು ಹಿಟ್ಟಿನ ತುಂಡುಗಳನ್ನು ಕರಿದು ರಾಶಿ ಹಾಕುತ್ತಿದ್ದರು. ನಾಜಿರಾ ಹಿಟ್ಟು ಲಟ್ಟಿಸುತ್ತಿದ್ದಳು, ಚಿನಾರಾ ಕತ್ತರಿಸಿ ಕೊಡುತ್ತಿದ್ದಳು. ನಾಜಿರಾಳ ಅತ್ತೆ ಸಾಬಿರಾ ಬಿಳಿ ತಲೆವಸ್ತ್ರ ಬಿಗಿದುಕೊಂಡು ಜಾಲರಿ ಸೌಟು ಹಿಡಿದು ನಿಂತಿದ್ದರು. ಕೆಟ್ಟ ಹೆಂಗಸಲ್ಲ. ಬಾಯಿಗೆ ಬಂದದ್ದು ಒಳಗೆ ನಿಲ್ಲುತ್ತಿರಲಿಲ್ಲ, ಅಷ್ಟೇ.

"ಚಿನಾರಾ, ನಾಳೆ ಚಹಾದ ಕಡೆ ನೀನು ನೋಡ್ಕೋಮ್ಮ. ಓಟದ ತಂಟೆಗೆ ಹೋಗ್ಬೇಡ."

ಚಿನಾರಾಳ ಚಾಕು ನಿಂತಿತು. "ಯಾಕತ್ತೆ?"

"ಕತ್ತರಿಸಿದವರ ನಡಿಗೆ ಮಗುಗೆ ಬರುತ್ತೆ ಅಂತ ನಿನಗೂ ಗೊತ್ತು. ನಾನೇನು ಕೆಟ್ಟದ್ದು ಹೇಳ್ತಿಲ್ಲ. ಇರೋನು ಒಬ್ಬ ಮೊಮ್ಮಗ."

"ನಾನು ಕುಂಟ್ತೀನಾ?"

"ಈಗಿಲ್ಲ. ಕುಂಟ್ತಿದ್ದೆಯಲ್ಲ."

ಬಾಣಲೆಯ ಸುತ್ತ ಇದ್ದವರೆಲ್ಲ ಒಮ್ಮೆಲೇ ಹಿಟ್ಟಿನ ಕೆಲಸದಲ್ಲಿ ಮುಳುಗಿದರು. ಚಿನಾರಾ ಅಕ್ಕನ ಕಡೆ ನೋಡಿದಳು. ಒಂದು ಮಾತು ಸಾಕಿತ್ತು. ನಾಜಿರಾ ಲಟ್ಟಣಿಗೆಯನ್ನು ಒತ್ತಿ ಒತ್ತಿ ಉರುಳಿಸಿದಳು, ಹಿಟ್ಟು ಹರಿದು ಹಲಗೆ ಕಂಡಿತು. ತಲೆ ಎತ್ತಲಿಲ್ಲ.

"ನಾನೊಬ್ಳೇ ಹೇಳ್ತಿರೋದಲ್ಲ," ಎಂದರು ಸಾಬಿರಾ. "ಉರ್ಮತ್ ಕೂಡ ಫೋನ್ ಮಾಡಿದ್ದ. ಅವಳನ್ನ ಮಾತ್ರ ಓಡೋಕೆ ಬಿಡ್ಬೇಡಿ ಅತ್ತೆ ಅಂದ."

ಚಿನಾರಾ ಚಾಕುವನ್ನು ಹಲಗೆಯ ಮೇಲೆ ಇಟ್ಟಳು. ಕೈ ತೊಳೆದಳು. ಏನೂ ಹೇಳದೆ ಗೇಟು ದಾಟಿ ನಡೆದಳು. ಪೋಪ್ಲರ್ ಮರಗಳ ಸಾಲಿನ ಕೆಳಗೆ ಮನೆಯವರೆಗೂ ಅವಳು ಎಲ್ಲರನ್ನೂ ಮನಸ್ಸಿನಲ್ಲೇ ಎತ್ತಿ ಎತ್ತಿ ನೆಲಕ್ಕೆ ಹಾಕಿದಳು. ಕೋಚ್‌ನನ್ನು, ಸಾಬಿರಾ ಅತ್ತೆಯನ್ನು, ಅಕ್ಕನನ್ನು. ಉರ್ಮತ್‌ನನ್ನು ಹೆಚ್ಚು ಸಲ. ಅವಳ ಕಾಲಿನ ಬಗ್ಗೆ ಎಲ್ಲರೂ ತೀರ್ಮಾನ ಮಾಡಿ ಆಗಿತ್ತು, ಅವಳನ್ನು ಕೇಳಿದವರು ಒಬ್ಬರೂ ಇಲ್ಲ. ಅವನೂ ತನ್ನನ್ನು ಕುಂಟಿ ಎಂದೇ ಎಣಿಸಿದ್ದಾನೆ, ಇಡೀ ಬೇಸಿಗೆ ನಗುನಗುತ್ತಾ ಕಂಬಳಿ ಮೇಲೆ ನಿಲ್ಲಿಸಿ ಆಟ ಆಡಿಸಿದ್ದಾನೆ ಎಂದುಕೊಂಡಾಗ ಅವಳ ಕಣ್ಣು ತುಂಬಿತು. ಅಳುವುದು ಅವಳಿಗೆ ಒಗ್ಗದ ಕೆಲಸ. ದಾರಿಯಲ್ಲಿದ್ದ ಒಂದು ಪ್ಲಾಸ್ಟಿಕ್ ಡಬ್ಬವನ್ನು ಒದ್ದಳು, ಬಲಗಾಲಲ್ಲೇ.

ಭಾನುವಾರ ಅವಳು ಹಬ್ಬದ ಉದ್ದನೆಯ ಅಂಗಿ ತೊಟ್ಟು, ಕೆಳಗೆ ಓಟದ ಬೂಟು ಕಟ್ಟಿಕೊಂಡು ಬಂದಳು.

ಆಲೂಗಡ್ಡೆ ಕಿತ್ತು ಬರಿದಾದ ಹೊಲದಲ್ಲಿ ಜನ ಎರಡು ಸಾಲಾಗಿ ನಿಂತಿದ್ದರು. ಒಂದು ತುದಿಯಲ್ಲಿ ನೆಲಕ್ಕೆ ಹಾಸಿದ ಜಮಖಾನದ ಮೇಲೆ ಬೆಕ್ಜಾನ್ ಕಾಲಿಗೆ ಹುರಿ ಕಟ್ಟಿಸಿಕೊಂಡು, ಅಪ್ಪನ ಬೆರಳು ಹಿಡಿದು ನಿಂತು, ಇಷ್ಟೊಂದು ಜನ ತನ್ನನ್ನೇ ಏಕೆ ನೋಡುತ್ತಿದ್ದಾರೆ ಎಂದು ತಿಳಿಯದೆ ಅಳುವ ತಯಾರಿಯಲ್ಲಿದ್ದ. ಇನ್ನೊಂದು ತುದಿಯಲ್ಲಿ ಹೆಂಗಸರ ಸಾಲು. ಚಿನಾರಾ ಹೋಗಿ ನಡುವೆ ನಿಂತಳು. ಸಾಬಿರಾ ಬಾಯಿ ತೆರೆದರು. ಅಷ್ಟು ಜನರ ಮುಂದೆ ಹೇಳಲಾಗದೆ ಸುತ್ತ ನೋಡಿದರು.

ಉರ್ಮತ್ ಗಂಡಸರ ಗುಂಪಿನಿಂದ ಹೊರಬಂದ. ಕಸೂತಿಯ ಟೋಪಿ, ಅಗಲವಾದ ಚರ್ಮದ ನಡುಪಟ್ಟಿ. ಕೈಯಲ್ಲಿ ಇನ್ನೊಂದು ಹುರಿ ಇತ್ತು. ನೇರ ಚಿನಾರಾಳ ಎದುರು ಬಂದು ಮಂಡಿಯೂರಿ ಕೂತು ಅವಳ ಪಾದಕ್ಕೆ ಹುರಿ ಸುತ್ತತೊಡಗಿದ.

"ಸ್ವಲ್ಪ ತಾಳಿ, ಎಲ್ಲರೂ," ಎಂದು ಕೂಗಿದ. "ಇಲ್ಲೊಂದು ದೊಡ್ಡ ಮಗು ಇದೆ. ಇದೂ ಈ ವರ್ಷನೇ ನಡೆಯೋಕೆ ಕಲಿತಿದ್ದು. ಇದರ ಕಾಲು ಯಾರು ಬಿಡಿಸ್ತೀರಿ? ಬಿಡಿಸೋವರೆಗೆ ಓಡೋ ಹಾಗಿಲ್ಲ."

ಹೊಲಕ್ಕೆ ಹೊಲವೇ ನಕ್ಕಿತು. ಮುದುಕರು ಬೆತ್ತ ಕುಟ್ಟಿ ನಕ್ಕರು. ಬೀಗರ ಹುಡುಗ ಎಂದರೆ ಹೀಗಿರಬೇಕು ಎಂದು ಯಾರೋ ಮೆಚ್ಚಿಕೊಂಡರು. ನಾಜಿರಾಳ ಮುಖದಲ್ಲೂ ನಗು, ಅಬ್ಬಾ ಎಂಬ ನಗು, ಸದ್ಯ ಜಗಳವಿಲ್ಲದೆ ಮುಗಿಯಿತಲ್ಲ ಎಂಬ ನಗು. ಚಿನಾರಾಗೆ ಕಂಡದ್ದು ಅದೊಂದೇ.

ಗಂಟು ಬೀಳುವ ಮುಂಚೆಯೇ ಅವಳು ಕಾಲು ಕಿತ್ತಳು. ಬಗ್ಗಿ ಉರ್ಮತ್‌ನ ನಡುಪಟ್ಟಿಗೆ ಎರಡೂ ಕೈ ಹಾಕಿದಳು. ಅವನನ್ನು ಎಬ್ಬಿಸಿ, ಎದೆಗೆ ಎಳೆದು, ಬಲಗಾಲೂರಿ ತಿರುಗಿ, ಸೊಂಟದ ಮೇಲಿಂದ ಒಗೆದಳು. ಅಷ್ಟು ದೊಡ್ಡ ಗಂಡಸು ಒಂದು ಕ್ಷಣ ಕಾಲು ಮೇಲಾಗಿ ಗಾಳಿಯಲ್ಲಿದ್ದ, ಮರುಕ್ಷಣ ಮಣ್ಣಿನಲ್ಲಿ ಅಂಗಾತ ಬಿದ್ದಿದ್ದ. ಟೋಪಿ ಎಲ್ಲೋ ಉರುಳಿತ್ತು.

ಈಗ ನಗು ಮೊದಲಿನದಕ್ಕಿಂತ ಜೋರಾಯಿತು. "ಬೀಗರಿಗೆ ತಕ್ಕ ಉತ್ತರ ಕೊಟ್ಲು," ಎಂದರು. ಯಾರೋ ಶಿಳ್ಳೆ ಹಾಕಿದರು. ಬಿದ್ದವನೊಬ್ಬನೇ ನಗುತ್ತಿರಲಿಲ್ಲ. ಉಸಿರು ಸಿಕ್ಕದೆ ಬಾಯಿ ತೆರೆದು ಮುಚ್ಚಿದ, ಆಮೇಲೆ ಕೇಳಿದ:

"ಯಾವ ಕಾಲ ಮೇಲೆ ತಿರುಗಿದೆ?"

ಚಿನಾರಾ ಕೆಳಗೆ ನೋಡಿಕೊಂಡಳು. ಬಲಗಾಲು ಮಣ್ಣಿನಲ್ಲಿ ಊರಿ ನಿಂತಿತ್ತು. ಪಾದ ಇದ್ದಲ್ಲೇ ಇತ್ತು, ಮೈ ತಿರುಗಿತ್ತು. ಮೊಣಕಾಲು ಜಾರಿರಲಿಲ್ಲ, ಕುಸಿದಿರಲಿಲ್ಲ. ತಾನೇನು ಮಾಡಿದೆ ಎಂದು ಅವಳಿಗೆ ಆಗಷ್ಟೇ ತಿಳಿಯಿತು.

"ಬಲಗಾಲು," ಎಂದಳು.

ಉರ್ಮತ್ ಎದ್ದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ತಲೆ ನೆಟ್ಟಗಿದೆಯಾ ನಿನಗೆ?" ಅವನ ದನಿ ಹೊಲದ ಆ ತುದಿಗೂ ಕೇಳಿತು. "ಉಳಿದಿರೋದು ಅರ್ಧ, ಅದೂ ಹೋಗಿದ್ರೆ? ಇಡೀ ಬೇಸಿಗೆ ಒಂದೊಂದು ಬಸ್ಕಿಗೂ ನಿನ್ನ ಮುಖ ನೋಡ್ತಾ ಕೂತವನು ನಾನು. ನಿನಗೆ ನೋವಾದ್ರೆ ನನಗೆ ಆ ದಿನ ಅನ್ನ ಇಳೀತಿರಲಿಲ್ಲ. ಒಂದು ಸಿಟ್ಟಿಗೆ ಅದನ್ನೆಲ್ಲ ಮಣ್ಣು ಮಾಡ್ತಿದ್ದೆಯಲ್ಲ."

"ನನ್ನ ಕಾಲಿಗೆ ಹಗ್ಗ ಕಟ್ಟಿದ್ದು ಯಾರು?"

"ನಾನೇ ಕಟ್ಟಿದ್ದು. ಕುಂಟಿ ಓಡೋದು ಬೇಡ ಅಂತ ಎಲ್ಲರೆದುರು ಅತ್ತೆ ಬಾಯಿಂದ ಬರೋ ಮುಂಚೆ ತಮಾಷೆಲಿ ತೇಲಿಸಿಬಿಡೋಣ ಅಂತ ಕಟ್ಟಿದೆ. ತಪ್ಪಾಯ್ತು. ಒದ್ದಿದ್ರೂ ಒದೆಸ್ಕೊಳ್ತಿದ್ದೆ. ಎತ್ತಿ ಒಗೆಯೋದಾ?"

ಜನ ನಗುವುದನ್ನು ನಿಲ್ಲಿಸಿದ್ದರು. ಬೀಗರ ಹುಡುಗಿಯ ಮೇಲೆ ಯಾರೂ ಹೀಗೆ ಕೂಗಾಡುವುದಿಲ್ಲ. ಅದು ಆ ಊರಿನಲ್ಲಿ ಕೇಳಿರದ ಸಂಗತಿ.

"ಏ ಉರ್ಮತ್, ಬೀಗರ ಹುಡುಗಿ ಕಣೋ," ಎಂದರು ಸಾಬಿರಾ, ಗಾಬರಿಯಾಗಿ.

"ಗೊತ್ತತ್ತೆ. ಬೀಗರ ಹುಡುಗಿ, ಬೀಗರ ಹುಡುಗಿ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ."

ಅವನು ಮನೆಯ ಹಿಂಬದಿಗೆ ನಡೆದ. ಟೋಪಿ ಎತ್ತಿಕೊಳ್ಳಲಿಲ್ಲ.

ಹೊಲದಲ್ಲಿ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಆಗ ನಾಜಿರಾ ಜಮಖಾನದ ಕಡೆಯಿಂದ ಬಂದಳು. ಕೈಯಲ್ಲಿ ಹುರಿ ಕತ್ತರಿಸುವ ಚಾಕು. ಅತ್ತೆಯ ಮುಖ ನೋಡದೆ, "ತಗೋ," ಎಂದಳು ತಂಗಿಗೆ. "ನನ್ನ ಮಗ ನಿಂತ್ರೆ ಹೀಗೆ ನಿಲ್ಲಲಿ. ನಿನ್ನೆನೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಚಿನಾರಾ ಚಾಕು ನೋಡಿದಳು. ಅಕ್ಕನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡಳು.

"ಓಡಿ ಗೆದ್ದವರು ಕತ್ತರಿಸ್ಲಿ. ಓಡದವಳು ಕತ್ತರಿಸಿದ್ರೆ ನಿನ್ನ ಮಗ ಸೋಮಾರಿ ಆಗ್ತಾನೆ," ಎಂದು ಚಾಕು ಹಿಂದಿರುಗಿಸಿದಳು.

ಓಟ ನಡೆಯಿತು. ಶಾಲೆಯಲ್ಲಿ ಟೀಚರಾಗಿದ್ದ ಪಕ್ಕದ ಮನೆಯ ಸೊಸೆ ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಓಡಿ ಎಲ್ಲರನ್ನೂ ಹಿಂದೆ ಹಾಕಿದಳು. ಅಷ್ಟು ಹೊತ್ತಿಗೆ ಚಿನಾರಾ ಅಲ್ಲಿರಲಿಲ್ಲ.

ಮನೆಯ ಹಿಂದೆ ಆಲೂಗಡ್ಡೆ ಮೂಟೆಗಳನ್ನು ಒಟ್ಟಿದ್ದರು. ಅದರಾಚೆ ಸಣ್ಣ ನೀರಿನ ಕಾಲುವೆ. ಉರ್ಮತ್ ಕಾಲುವೆಯ ಅಂಚಿನಲ್ಲಿ ಕೂತು ಕೂದಲಿನ ಮಣ್ಣು ತೊಳೆಯುತ್ತಿದ್ದ. ಹೆಜ್ಜೆ ಸದ್ದು ಕೇಳಿದರೂ ತಿರುಗಲಿಲ್ಲ.

"ಕೂತ್ಕೋ. ಕಾಲು ತೋರಿಸು," ಎಂದ.

"ಜಗಳಕ್ಕೆ ಬಂದಿದೀನಿ ನಾನು."

"ಕಾಲು ತೋರಿಸಿ ಜಗಳ ಆಡು."

ಅವಳು ಮೂಟೆಯ ಮೇಲೆ ಕೂತಳು. ಅವನು ಎದುರು ಮಂಡಿಯೂರಿ ಅವಳ ಮೊಣಕಾಲು ಮಡಿಸಿ ಪಾದವನ್ನು ನೆಲಕ್ಕೆ ಒತ್ತಿಟ್ಟ. ಕಾಲಿನ ಮೇಲ್ಭಾಗವನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳುಗಳನ್ನು ಮೊಣಚಿಪ್ಪಿನ ಕೆಳಗಿಟ್ಟು, ಮೆಲ್ಲಗೆ ಮುಂದಕ್ಕೆಳೆದ. ಇದನ್ನು ಅವನು ಎಷ್ಟೋ ಸಲ ಮಾಡಿದ್ದ. ಆದರೆ ಇವತ್ತು ಅವನು ಅವಳ ಮುಖ ನೋಡಲಿಲ್ಲ. ಕಾಲುವೆಯ ನೀರಿಗೆ ಬೆರಳುಗಳು ಮಂಜಿನಷ್ಟು ತಣ್ಣಗಾಗಿದ್ದವು. ಆ ತಣುಪು ಅವಳ ಕಾಲಿನ ಮೂಲಕ ಹತ್ತಿ ಎಲ್ಲಿಗೋ ಮುಟ್ಟಿತು, ಜಗಳದ ಮೊದಲ ವಾಕ್ಯ ಅವಳಿಗೆ ಮರೆತುಹೋಯಿತು.

"ಗಟ್ಟಿಯಾಗಿದೆ," ಎಂದ. "ಸ್ವಲ್ಪವೂ ಜಾರ್ತಿಲ್ಲ. ಊದಿಕೊಂಡರೆ ಸಂಜೆಗೆ ಗೊತ್ತಾಗುತ್ತೆ, ಆದ್ರೆ ಊದೋ ಹಾಗೆ ಕಾಣಲ್ಲ."

"ಎಷ್ಟು ದಿನದಿಂದ ಗಟ್ಟಿಯಾಗಿದೆ?"

ಅವನು ಕೈ ತೆಗೆದ.

"ಉರ್ಮತ್, ಎಷ್ಟು ದಿನದಿಂದ?"

"ಬೇಸಿಗೆ ಮುಗಿದಾಗಿನಿಂದ ಗಟ್ಟಿಯಾಗ್ತಾ ಬಂದಿತ್ತು. ಎಚ್ಚರಿಕೆಯಿಂದ ಮ್ಯಾಟ್‌ಗೆ ಬಿಡಬಹುದಿತ್ತು. ಬಿಡ್ಲಿಲ್ಲ."

ಚಿನಾರಾ ಎದ್ದು ನಿಂತಳು. ಬೆಳಿಗ್ಗೆಯಿಂದ ಬಂದಿದ್ದ ಸಿಟ್ಟೆಲ್ಲ ಇದರ ಮುಂದೆ ಏನೂ ಅಲ್ಲ. "ನನಗೆ ಇದೊಂದೇ ಇರೋದು ಅಂತ ನಿನಗೆ ಗೊತ್ತು. ಹಿಮ ಬೀಳೋಕಾಯ್ತು. ಕೋಚ್ ನನ್ನ ಬಿಟ್ಟ, ಸರಿ, ಅವನು ಮೊದಲಿಂದ ಹಾಗೇ. ಅತ್ತೆ ನನ್ನ ಕುಂಟಿ ಅಂದ್ರು, ಹೋಗ್ಲಿ, ವಯಸ್ಸಾದವರು. ನೀನು ದಿನಾ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾ ಇದನ್ನ ಮುಚ್ಚಿಟ್ಟೆಯಾ?"

"ಹೌದು."

"ಯಾಕೆ?"

ಅವಳು ತಮಾಷೆಗೆ ಕಾದಳು. ಬಂದಿದ್ದರೆ ಕಾಲುವೆಗೆ ದಬ್ಬುತ್ತಿದ್ದಳು. ಬರಲಿಲ್ಲ.

"ಕುದುರೆಯಿಂದ ಬಿದ್ದಾಗ ನನ್ನ ಭುಜ ಹೋಗಿರಲಿಲ್ಲ, ಚಿನಾರಾ. ಜನಕ್ಕೆಲ್ಲ ಹಾಗೆ ಹೇಳಿದೀನಿ. ವಾಸಿ ಆಗ್ತಾ ಇತ್ತು. ಡಾಕ್ಟರು ಇನ್ನೂ ತಡೀರಿ ಅಂದ್ರು. ನಾನು ಕೇಳದೆ ಕುದುರೆ ಹತ್ತಿದೆ. ಆಗ ಹೋಗಿದ್ದು, ಪೂರ್ತಿಯಾಗಿ. ನನ್ನ ಕೈಯಾರೆ ಮಾಡ್ಕೊಂಡಿದ್ದು." ಅವನು ನೆಲ ನೋಡುತ್ತಾ ಹೇಳಿದ. "ನಿನ್ನ ವಿಷಯದಲ್ಲಿ ಹೂಂ ಅನ್ನೋಕೆ ಬಾಯಿ ಬರಲಿಲ್ಲ. ಮೊದಮೊದಲು ಅದೇ ಕಾರಣ. ಆಮೇಲೆ ನೀನು ವಾಸಿಯಾದ್ರೆ ನಾಳೆಯಿಂದ ಈ ಕೋಣೆಗೆ ಬರಲ್ಲ, ವಸಂತಕ್ಕೆ ಊರಲ್ಲೇ ಇರಲ್ಲ ಅಂತನೂ ಹೊಳೀತು. ಹೆದರಿಕೆ ನಿನ್ನ ಮೊಣಕಾಲಿಗೋ, ನೀನು ಹೋಗೋದಕ್ಕೋ, ನನಗೇ ಬೇರೆ ಮಾಡೋಕಾಗ್ಲಿಲ್ಲ. ಇದಕ್ಕೆ ಕ್ಷಮೆ ಕೇಳಿದ್ರೆ ಸಾಲಲ್ಲ. ಆದ್ರೂ ಕೇಳ್ತೀನಿ."

ಹೊಲದ ಕಡೆಯಿಂದ ಚಪ್ಪಾಳೆ ಕೇಳಿಸಿತು. ಬೆಕ್ಜಾನ್‌ನ ಕಾಲು ಬಿಡುಗಡೆಯಾಗಿತ್ತು.

"ನಿನಗೆ ನನ್ನ ಕಂಡ್ರೆ," ಎಂದು ಶುರು ಮಾಡಿದ ಚಿನಾರಾಗೆ ಮುಂದಿನ ಮಾತು ಸಿಕ್ಕಲಿಲ್ಲ. ಇಂಥ ಮಾತು ಅವಳು ಆಡಿಯೇ ಇರಲಿಲ್ಲ.

"ಅಕ್ಕನ ಮದುವೇಲಿ ಎದ್ದು ನಿಂತು ಹೇಳಿದ್ನಲ್ಲ," ಎಂದ ಅವನು. "ನಿಮ್ಮಮ್ಮ ಸಾರು ಬಡಿಸಿದ್ರು. ಆಮೇಲೂ ಎಷ್ಟು ಸಲ ಹೇಳಿದೆ. ಪ್ರತಿ ಸಲ ಎಲ್ಲರೂ ನಕ್ರು, ನೀನು ಬೈದೆ. ಬೀಗರ ಹುಡುಗ ಅಂದ್ಮೇಲೆ ನಿಜ ಹೇಳೋಕೆ ನನಗೆ ಬೇರೆ ಬಾಯಿ ಎಲ್ಲಿಂದ ತರ್ಲಿ?"

ಅವಳು ಅವನನ್ನು ನೋಡಿದಳು. ಒದ್ದೆ ಕೂದಲು, ಕಿವಿಯ ಹಿಂದೆ ಇನ್ನೂ ಅಂಟಿದ್ದ ಮಣ್ಣು, ನಗುವಿಲ್ಲದೆ ಪಾಪ ಎನಿಸುವ ಕಣ್ಣು. ಇಷ್ಟು ವರ್ಷ ಅವನ ಮಾತನ್ನೆಲ್ಲ ಅವಳು ಒಡೆದ ಹಾಲು ಚೆಲ್ಲಿದಂತೆ ಚೆಲ್ಲಿದ್ದಳು. ಅದರಲ್ಲಿ ನಿಜ ಎಷ್ಟಿತ್ತೋ. ಅವಳಿಗೆ ಮರುಕ ಬಂತು, ಹಾಗೆ ಬಂದದ್ದಕ್ಕೆ ಅವನ ಮೇಲೆ ಮತ್ತೆ ಸಿಟ್ಟು ಬಂತು. ಮುಚ್ಚಿಟ್ಟದ್ದನ್ನು ಅವಳು ಮರೆಯುವವಳಲ್ಲ. ಆದರೆ ಕೋಚ್ ಮುಚ್ಚಿಟ್ಟಿದ್ದರೆ ಬರೀ ಸಿಟ್ಟು ಬರುತ್ತಿತ್ತು, ಹೀಗೆ ನೋವಾಗುತ್ತಿರಲಿಲ್ಲ ಎಂಬುದೂ ಅವಳಿಗೆ ಗೊತ್ತಾಗುತ್ತಿತ್ತು.

"ನಾನು ಇನ್ನು ಏನೂ ಹೇಳಲ್ಲ," ಎಂದ ಉರ್ಮತ್. "ಹೂಂ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಕಾಲು ನಿನ್ನದು. ನಿನಗೇನು ಬೇಕು, ಅದನ್ನ ಹೇಳು."

ಚಿನಾರಾ ತಡವರಿಸಿದಳು. ಬಿದ್ದ ದಿನದಿಂದ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಕಿರುಚಿ ಉತ್ತರ ಕೊಡಬಹುದು ಎಂದುಕೊಂಡಿದ್ದಳು. ಈಗ ದನಿಯೇ ಸಣ್ಣಗಾಗಿತ್ತು.

"ನಾಳೆ ಬೆಳಿಗ್ಗೆ ಮ್ಯಾಟ್ ಬೇಕು. ನೀನು ಎದುರು ಇರ್ಬೇಕು. ಹೆದರಿಕೆ ಆದ್ರೆ ಹೆದರಿಕೆ ಆಗ್ತಿದೆ ಅಂತ ಹೇಳು, ನಾನು ಕೇಳ್ತೀನಿ. ಸುಳ್ಳು ಹೇಳ್ಬೇಡ. ಇನ್ನೊಂದು ಸಲ ಮುಚ್ಚಿಟ್ರೆ ನಿನ್ನ ಮುಖ ನೋಡಲ್ಲ."

"ಆಯ್ತು."

"ಊದಿದ್ರೆ ನಿಲ್ಲಿಸ್ತೀನಿ. ಮತ್ತೆ ಗೋಡೆಗೆ ಒರಗಿ ಕೂರ್ತೀನಿ, ಹಲ್ಲು ಕಚ್ಚಿ."

"ಆಯ್ತು."

"ವಸಂತಕ್ಕೆ ಬಿಷ್ಕೆಕ್‌ಗೆ ಹೋಗ್ತೀನಿ. ಆಯ್ಕೆ ಆದ್ರೆ ಅಲ್ಲೇ ಇರ್ತೀನಿ."

"ಗೊತ್ತು," ಎಂದ ಅವನು. ಹೇಳಿ ಕಿವಿಯ ಹಿಂದಿನ ಮಣ್ಣನ್ನು ಉಜ್ಜಿಕೊಂಡ.

"ಆಯ್ಕೆ ಆದ್ರೂ, ಆಗದೇ ಇದ್ರೂ," ಎಂದಳು ಚಿನಾರಾ. ಕೆನ್ನೆ ಬಿಸಿಯಾಗಿತ್ತು, ಹುಬ್ಬು ಗಂಟಾಗಿತ್ತು. ಯಾರಾದರೂ ದೂರದಿಂದ ನೋಡಿದ್ದರೆ ಇನ್ನೊಂದು ಸಲ ಎತ್ತಿ ಒಗೆಯುತ್ತಾಳೆ ಎಂದೇ ಅಂದುಕೊಳ್ಳಬೇಕಿತ್ತು. "ನೀನು ನನ್ನ ಜೊತೆ ಇರ್ಬೇಕು. ನಿಮ್ಮತ್ತೆ ಮದುವೆ ನಿಶ್ಚಯದ ಓಲೆ ತಂದು ನನ್ನ ಕಿವಿಗೆ ಹಾಕ್ಲಿ. ಆಯ್ಕೆ ಮುಗಿದ್ಮೇಲೆ. ಅದಕ್ಕಿಂತ ಒಂದು ದಿನ ಮುಂಚೆ ಬಂದ್ರೆ ಬಾಗಿಲು ತೆಗೆಯಲ್ಲ."

ಉರ್ಮತ್ ಅಲುಗಾಡಲಿಲ್ಲ. ಅವನ ಮುಖದಲ್ಲಿ ಆಸೆಯೂ ಅನುಮಾನವೂ ಒಟ್ಟಿಗೇ ಬಂದು ನಿಂತವು.

"ಚಿನಾರಾ, ತಮಾಷೆ ಮಾಡ್ತಿದೀಯಾ?"

"ನನ್ನ ಮುಖ ನೋಡು," ಎಂದಳು ಅವಳು, ಸಿಟ್ಟಿನಿಂದಲೇ. "ನಾನು ಯಾವತ್ತಾದ್ರೂ ತಮಾಷೆ ಮಾಡಿದೀನಾ?"

ಅವನು ನೋಡಿದ, ತುಂಬ ಹೊತ್ತು ನೋಡಿದ. ಆಮೇಲೆ ಮೂಟೆಯ ಮೇಲೆ ಕೂತು, ಅವಳಿಗೂ ಜಾಗ ಬಿಟ್ಟ. ಅವಳೂ ಅವನ ಪಕ್ಕದಲ್ಲೇ ಕೂತಳು.